ಅಂತರ ತಗ್ಗಿದ್ದು ಯಾವ ದಾರಿಯಲ್ಲಿ?

ಪ್ರೀತಿಯ ಮಂಜು,

ಅಮೆರಿಕದ ಜೈಲುಗಳಲ್ಲಿ ಕಪ್ಪು ಜನರಿಗೂ ಬಿಳಿಯರಿಗೂ ಇದ್ದ ಅಂತರ ಇಳೀತಿದೆಯಂತೆ, ಅದರ ಮೇಲೆ ಲೇಖನ ಬರೀಬೇಕು, ನಿಜವಾ ಅಂತ ನೀನು ಕೇಳಿದ್ದೆ. ನಿಜ ಮಾರಾಯ. 2000ದಲ್ಲಿ ರಾಜ್ಯಗಳ ಜೈಲುಗಳಲ್ಲಿ ಕಪ್ಪು ಜನರ ದರ, ಅಂದರೆ ಲಕ್ಷಕ್ಕೆ ಎಷ್ಟು ಮಂದಿ ಒಳಗಿದ್ದಾರೆ ಅನ್ನೋ ಲೆಕ್ಕ, ಬಿಳಿಯರ ದರದ 8.3 ಪಟ್ಟು ಇತ್ತು. 2016ಕ್ಕೆ 5.1 ಪಟ್ಟಿಗೆ ಬಂತು. ಡ್ರಗ್ಸ್ ಕೇಸುಗಳಲ್ಲಂತೂ 15 ಪಟ್ಟು ಇದ್ದದ್ದು 5ಕ್ಕೆ ಇಳಿಯಿತು. ಆದರೆ ಇಷ್ಟನ್ನೇ ಹಾಕಿ ಲೇಖನ ಮುಗಿಸಬೇಡ. ಮೇಲಿರುವವರ ದರ ಇಳಿದರೂ ಅಂತರ ತಗ್ಗುತ್ತದೆ, ಕೆಳಗಿರುವವರ ದರ ಏರಿದರೂ ತಗ್ಗುತ್ತದೆ.

ಹೆಂಗಸರ ಲೆಕ್ಕ ನೋಡು. 2000ದಲ್ಲಿ ಒಂದು ಲಕ್ಷ ಕಪ್ಪು ಹೆಂಗಸರಲ್ಲಿ 205 ಮಂದಿ ಜೈಲಿನಲ್ಲಿದ್ದರು, ಬಿಳಿಯರಲ್ಲಿ 34. 2009ಕ್ಕೆ ಕಪ್ಪು ಹೆಂಗಸರು 142, ಬಿಳಿಯರು 50. ಆರು ಪಟ್ಟು ಇದ್ದದ್ದು ಮೂರಕ್ಕಿಂತ ಕಡಿಮೆಯಾಯಿತು. ಬಿಳಿಯರ ದರ 34ರಲ್ಲೇ ನಿಂತಿದ್ದರೆ? ಆಗ ಅಂತರ ನಾಲ್ಕು ಪಟ್ಟಿನ ಮೇಲೇ ಉಳಿಯುತ್ತಿತ್ತು. ಮೆತ್ ಅನ್ನೋ ಡ್ರಗ್, ನೋವಿನ ಮಾತ್ರೆಗಳ ಚಟ ಹಳ್ಳಿಗಾಡಿನ ಬಿಳಿಯರ ಮನೆಗಳಿಗೂ ನುಗ್ಗಿತ್ತು. ಆ ಮನೆಗಳ ತಾಯಂದಿರೂ ಒಳಗೆ ಹೋದರು. ಅದನ್ನು ಸಮಾನತೆ ಅಂತ ಕರೆಯೋಕೆ ನನಗೆ ಮನಸ್ಸು ಬರೋದಿಲ್ಲ.

ಕಪ್ಪು ಜನರ ದರ ಅಷ್ಟು ಮೇಲೆ ಹೋಗಿದ್ದಾದರೂ ಹೇಗೆ ಅಂತ ನೀನು ಬರೆಯಲೇಬೇಕು. 1986ರ ಕೇಂದ್ರ ಕಾನೂನು ಒಂದಿದೆ. 5 ಗ್ರಾಂ ಕ್ರ್ಯಾಕ್ ಮಾರೋಕೆ ಹೋಗಿ ಸಿಕ್ಕಿಬಿದ್ದರೆ ಕನಿಷ್ಠ ಐದು ವರ್ಷ ಜೈಲಾಗುತ್ತಿತ್ತು. ಪುಡಿ ಕೊಕೇನ್ ಆದರೆ ಅದೇ ಐದು ವರ್ಷಕ್ಕೆ 500 ಗ್ರಾಂ ಬೇಕಿತ್ತು. ಕ್ರ್ಯಾಕ್ ಅಂದರೆ ಅದೇ ಕೊಕೇನನ್ನು ಅಡುಗೆ ಸೋಡಾ ಹಾಕಿ ಕಾಯಿಸಿ ಮಾಡಿದ ಹರಳು, ಅಷ್ಟೇ. ಸಣ್ಣ ಪೊಟ್ಟಣದಲ್ಲಿ ಅಗ್ಗಕ್ಕೆ ಸಿಗುತ್ತಿತ್ತು, ಬಡ ಕೇರಿಗಳಲ್ಲಿ ಬೀದಿಯಲ್ಲೇ ಮಾರುತ್ತಿದ್ದರು. ಪೊಲೀಸರೂ ಅಲ್ಲೇ ಬೀಡುಬಿಟ್ಟರು. ಕೇಂದ್ರದ ಕ್ರ್ಯಾಕ್ ಕೇಸುಗಳಲ್ಲಿ ಶಿಕ್ಷೆಯಾದವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಕಪ್ಪು ಜನರೇ ಆಗಿದ್ದರು. 2010ರಲ್ಲಿ ಆ 5 ಗ್ರಾಂ ಮಿತಿಯನ್ನು 28ಕ್ಕೆ ಏರಿಸಿದರು. ಅದಕ್ಕೂ ಮೊದಲೇ ಒಳಗಿದ್ದವರಿಗೆ ಅದರ ಲಾಭ ಕೇಳುವ ದಾರಿ ಸಿಕ್ಕಿದ್ದು 2018ರಲ್ಲಿ. ಎಂಟು ವರ್ಷ ಸುಮ್ನೆ ಕೊಳೆತರಲ್ಲ, ಅದನ್ನು ನೆನೆದರೆ ಕರುಳು ಕಿವುಚಿದಂತಾಗುತ್ತದೆ.

ಇನ್ನೊಂದು ವಿಷಯ. ಜೈಲು ಅಂದರೆ ಬರೀ ಕಂಬಿ ಅಂದುಕೊಳ್ಳಬೇಡ. 2007ರಲ್ಲಿ ಅಮೆರಿಕದ ಶಿಕ್ಷಾ ವ್ಯವಸ್ಥೆಯ ಹಿಡಿತದಲ್ಲಿ 73 ಲಕ್ಷ ವಯಸ್ಕರಿದ್ದರು. 2022ಕ್ಕೆ ಅದು ಸುಮಾರು 54 ಲಕ್ಷಕ್ಕೆ ಇಳಿಯಿತು. ಅವರಲ್ಲಿ ಮೂರನೇ ಎರಡು ಭಾಗ ಹೊರಗೇ ಇದ್ದರು, ಪ್ರೊಬೇಷನ್ (ಜೈಲಿನ ಬದಲು ಹೊರಗೇ ನಿಗಾ) ಅಥವಾ ಪೆರೋಲ್ (ಜೈಲಿನಿಂದ ಬಿಟ್ಟ ಮೇಲಿನ ನಿಗಾ) ಮೇಲೆ. ಹೊರಗಿದ್ದರೂ ಆಫೀಸರ್ ಕರೆದಾಗ ಹೋಗಿ ಮುಖ ತೋರಿಸಬೇಕು, ಡ್ರಗ್ಸ್ ಟೆಸ್ಟಿಗೆ ಮೂತ್ರ ಕೊಡಬೇಕು, ಎಷ್ಟೋ ಕಡೆ ಈ ನಿಗಾಕ್ಕೆ ಫೀಸನ್ನೂ ತಾವೇ ಕಟ್ಟಬೇಕು. ಬಸ್ಸು ತಪ್ಪಿ ಭೇಟಿ ತಪ್ಪಿದರೆ, ಹೊಸ ಅಪರಾಧ ಏನೂ ಮಾಡದಿದ್ದರೂ, ಮತ್ತೆ ಒಳಗೆ ಕಳಿಸಬಹುದು. ಕೈಯಲ್ಲಿ ಕಾಸಿಲ್ಲದವನಿಗೆ ಇದು ಹೆಜ್ಜೆಹೆಜ್ಜೆಗೂ ಉರುಳು.

ಹಾಗಂತ ಏನೂ ಬದಲಾಗಿಲ್ಲ ಅಂತ ಬರೆದರೂ ತಪ್ಪಾಗುತ್ತದೆ. 2001ರಲ್ಲಿ ಹುಟ್ಟಿದ ಕಪ್ಪು ಗಂಡುಮಕ್ಕಳಲ್ಲಿ ಮೂವರಲ್ಲಿ ಒಬ್ಬ ಎಂದಾದರೂ ಜೈಲು ಸೇರುತ್ತಾನೆ ಅಂತ ಸರ್ಕಾರವೇ ಆಗ ಅಂದಾಜು ಹಾಕಿತ್ತು. ಈಚಿನ ಅಂದಾಜು ಐವರಲ್ಲಿ ಒಬ್ಬ ಅನ್ನುತ್ತದೆ. ಆ ಹುಡುಗರು ಈಗ ಇಪ್ಪತ್ತು ದಾಟಿದವರು. ಜೈಲು ಕಾಣದೆ ಉಳಿದ ಒಬ್ಬೊಬ್ಬ ಹುಡುಗನೂ ನನಗೆ ದೊಡ್ಡ ಸಂಗತಿ. ಆದರೂ ಐವರಲ್ಲಿ ಒಬ್ಬ! ಯಾವ ತಾಯಿಗೆ ಇದು ಸಮಾಧಾನ ಹೇಳು? ಇವತ್ತಿಗೂ ದೇಶದ ಜನಸಂಖ್ಯೆಯಲ್ಲಿ ಕಪ್ಪು ಜನ ನೂರಕ್ಕೆ 13ರ ಆಸುಪಾಸು, ಕೈದಿಗಳಲ್ಲಿ ಮೂರನೇ ಒಂದು ಭಾಗದ ಹತ್ತಿರ.

ಹಾಗಾಗಿ ಲೇಖನದಲ್ಲಿ ಎಷ್ಟು ಪಟ್ಟು ಅನ್ನೋದನ್ನು ಮಾತ್ರ ಹಾಕಬೇಡ. ಪಕ್ಕದಲ್ಲಿ ಎರಡೂ ಗುಂಪಿನ ದರ ಹಾಕು, ಗಂಡಸರದು ಬೇರೆ, ಹೆಂಗಸರದು ಬೇರೆ. ಜಾಗ ಸಾಲದಿದ್ದರೆ ಬೇರೆ ಏನಾದರೂ ಬಿಡು, ಆ ಹೆಂಗಸರ ನಾಲ್ಕು ಅಂಕಿಗಳನ್ನು ಬಿಡಬೇಡ. ಕರಡು ಆದ ಕೂಡಲೇ ಕಳಿಸು, ಓದ್ತೀನಿ.

ನಿನ್ನ,
ರಘು