ಬೈತಖೋಲದಲ್ಲಿ ನೆರವಾದ ಹಿರಿಯರಿಗೆ

ಪ್ರಾದೇಶಿಕ ಹವ್ಯಾಸಿ ರೇಡಿಯೋ ಸ್ಪರ್ಧೆಯ ದಿನ ಕಾರವಾರದ ಬೈತಖೋಲ ಬಂದರಿನಲ್ಲಿ ನನಗೆ ನೆರವಾಗಿ, ಹೆಸರನ್ನೂ ಹೇಳದೆ ಹೊರಟುಹೋದ ಹಿರಿಯರಿಗೆ ಹೃತ್ಪೂರ್ವಕ ಧನ್ಯವಾದಗಳನ್ನು ಸಲ್ಲಿಸುತ್ತಿದ್ದೇನೆ.

ಎರಡು ತೆಂಗಿನ ಮರಗಳ ನಡುವೆ 40 ಮೀಟರ್ ತರಂಗಾಂತರದ ಬ್ಯಾಂಡಿಗಾಗಿ, ಒಂದೊಂದು ಬದಿಗೆ ಸುಮಾರು 10 ಮೀಟರ್ ತಂತಿಯಿರುವ ಡೈಪೋಲ್ ಆಂಟೆನಾ ಕಟ್ಟಿದ್ದೆ. ಸ್ಪರ್ಧೆ ಆರಂಭವಾದ ಸ್ವಲ್ಪ ಹೊತ್ತಿನಲ್ಲೇ, ಶಕ್ತಿ ಆಂಟೆನಾಗೆ ಎಷ್ಟು ಸರಿಯಾಗಿ ಸಾಗುತ್ತಿದೆ ಎಂದು ತೋರಿಸುವ ಎಸ್‌ಡಬ್ಲ್ಯೂಆರ್ ಎಂಬ ಅಳತೆ 1.5ರಿಂದ 4ಕ್ಕೆ ಏರಿತು. ಅಂದರೆ ಕಳುಹಿಸಿದ ಶಕ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಿಂದಕ್ಕೇ ಬರುತ್ತಿತ್ತು. ತಂತಿಯನ್ನೇ ಮತ್ತೆ ಮತ್ತೆ ಅಳೆಯುತ್ತಿದ್ದ ನನ್ನನ್ನು ಕಂಡು, ಮೀನುಗಾರಿಕೆ ದೋಣಿಗಳ ವೈರ್‌ಲೆಸ್ ಸೆಟ್‌ಗಳನ್ನು ದುರಸ್ತಿ ಮಾಡಿ ಅನುಭವವಿದ್ದ ಅವರು ಹತ್ತಿರ ಬಂದು, "ತಂತಿ ಬಿಡು ತಮ್ಮಾ, ಮೊದಲು ಕನೆಕ್ಟರ್ ಬಿಚ್ಚು" ಎಂದರು. ಉಪ್ಪುಗಾಳಿಗೆ ಅದರೊಳಗೆ ಹಸಿರು ಕಿಲುಬು ಹಿಡಿದಿತ್ತು, ಕೇಬಲ್ಲಿನ ತಾಮ್ರದ ಹೆಣಿಗೆಯೂ ಗೇಣುದ್ದ ಕಪ್ಪಾಗಿತ್ತು. ಕರಾವಳಿಯಲ್ಲೇ ಬೆಳೆದ ನನಗೆ ಇದು ಹೊಳೆಯಬೇಕಿತ್ತು. ಅವರು ಕೆಟ್ಟ ಭಾಗವನ್ನು ಕತ್ತರಿಸಿ, ತಮ್ಮದೇ ಚೀಲದಿಂದ ಹೊಸ ಕನೆಕ್ಟರ್ ತೆಗೆದು ಬೆಸುಗೆ ಹಾಕಿ, ನೀರಿಳಿಯದಂತೆ ರಬ್ಬರ್ ಟೇಪು ಸುತ್ತಿ, ಕೊನೆಗೆ ಕೇಬಲ್ಲನ್ನು ಸ್ವಲ್ಪ ಇಳಿಬಿಟ್ಟು ಕಟ್ಟುವುದನ್ನೂ ಕಲಿಸಿದರು. ಹಣವನ್ನು ಮುಟ್ಟಲಿಲ್ಲ.

ಅರ್ಧ ಗಂಟೆಯೊಳಗೆ ಘಟ್ಟದ ಮೇಲಿನ ಶಿರಸಿಯಿಂದ 59 (ಮಾತು ಪೂರ್ಣ ಸ್ಪಷ್ಟ, ಸಿಗ್ನಲ್ ಬಲು ಜೋರು) ಎಂಬ ವರದಿ ಸ್ಪಷ್ಟವಾಗಿ ಕೇಳಿಬಂತು. ಆ ಸಂಪರ್ಕವನ್ನು ದೃಢೀಕರಿಸುವ ಕ್ಯೂಎಸ್ಎಲ್ ಕಾರ್ಡನ್ನು ಅವರಿಗಾಗಿಯೇ ತೆಗೆದಿರಿಸಿದ್ದೇನೆ; ಇದನ್ನು ಓದಿದವರು ಬಂದರಿನಲ್ಲಿ ಅವರನ್ನು ಕಂಡರೆ ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.