ಡೆಡ್‌ಲಾಕ್ ಪತ್ತೆ: ಕರಾವಳಿಯ ಎಂಜಿನಿಯರಿಂಗ್ ಕಾಲೇಜುಗಳ ಗಮನಕ್ಕೆ

ಮಾನ್ಯ ಸಂಪಾದಕರೇ,

ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳ ಕುರಿತು ತಮ್ಮ ಶಿಕ್ಷಣ ಪುಟದಲ್ಲಿ ಬರುವ ಬರಹಗಳನ್ನು ತಪ್ಪದೆ ಓದುತ್ತೇನೆ. ಮೊಬೈಲ್ ಆ್ಯಪ್‌ಗಳು, ಕೃತಕ ಬುದ್ಧಿಮತ್ತೆಯ ಪ್ರಯೋಗಗಳು ಅಲ್ಲಿ ಹೇರಳವಾಗಿವೆ. ಆದರೆ ಸುರತ್ಕಲ್, ಮಣಿಪಾಲ, ನಿಟ್ಟೆಗಳಂಥ ವಿದ್ಯಾಕೇಂದ್ರಗಳಿರುವ ಈ ಅವಳಿ ಜಿಲ್ಲೆಗಳಿಂದ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಬಗ್ಗೆ, ಅದರಲ್ಲೂ ಅದರ ನೆಟ್‌ವರ್ಕಿಂಗ್ ಭಾಗದ ಬಗ್ಗೆ, ಒಂದು ಪ್ರಾಜೆಕ್ಟ್ ಬಂದದ್ದನ್ನು ಕಾಣುವುದು ಅಪರೂಪ. ನೆಟ್‌ವರ್ಕ್ ಉಪಕರಣಗಳ ಸಾಫ್ಟ್‌ವೇರನ್ನು ಪರೀಕ್ಷಿಸುವುದೇ ನನ್ನ ಉದ್ಯೋಗವಾದ್ದರಿಂದ, ಈ ಕೊರತೆಯನ್ನು ಸುಲಭದಲ್ಲಿ ತುಂಬಬಹುದಾದ ಒಂದು ದಾರಿಯನ್ನು, ಅಂದರೆ ಡೆಡ್‌ಲಾಕ್ ಪತ್ತೆಯ ಪ್ರಯೋಗಗಳನ್ನು, ಸೂಚಿಸಲು ಈ ಪತ್ರ ಬರೆಯುತ್ತಿದ್ದೇನೆ.

ಡೆಡ್‌ಲಾಕ್ ಎಂದರೇನೆಂದು ಕಂಪ್ಯೂಟರ್ ಓದದವರಿಗೂ ವಿವರಿಸಬಹುದು. ಒಂದು ಕಚೇರಿಯಲ್ಲಿ ಒಬ್ಬ ಗುಮಾಸ್ತರು ದಾಖಲೆ ಪುಸ್ತಕವನ್ನು ಕೈಯಲ್ಲಿಟ್ಟುಕೊಂಡು ಮೊಹರಿಗಾಗಿ ಕಾಯುತ್ತಿದ್ದಾರೆ, ಇನ್ನೊಬ್ಬರು ಮೊಹರನ್ನು ಹಿಡಿದುಕೊಂಡು ಅದೇ ಪುಸ್ತಕಕ್ಕಾಗಿ ಕಾಯುತ್ತಿದ್ದಾರೆ ಎಂದುಕೊಳ್ಳಿ. ಇಬ್ಬರೂ ಕೈಯಲ್ಲಿದ್ದುದನ್ನು ಬಿಡದಿದ್ದರೆ ಕೆಲಸ ಎಂದೆಂದಿಗೂ ಮುಂದುವರಿಯದು. ಕರ್ನಲ್‌ನಲ್ಲಿ ಪುಸ್ತಕ, ಮೊಹರುಗಳ ಜಾಗದಲ್ಲಿ ಲಾಕ್‌ಗಳಿರುತ್ತವೆ; ಒಂದು ಕೆಲಸ ಲಾಕ್ ಹಿಡಿದಿರುವಾಗ ಅದನ್ನು ಕೇಳಿದ ಇನ್ನೊಂದು ಕೆಲಸ ಕಾಯಬೇಕು.

ಲಿನಕ್ಸ್‌ನ ನೆಟ್‌ವರ್ಕಿಂಗ್ ಭಾಗದಲ್ಲಿ ಈ ಅಪಾಯ ಹೆಚ್ಚು. ಇಂಟರ್‌ಫೇಸನ್ನು (ಯಂತ್ರವನ್ನು ಜಾಲಕ್ಕೆ ಜೋಡಿಸುವ ಕೊಂಡಿಯನ್ನು) ಚಾಲೂ ಮಾಡುವುದು, ನಿಲ್ಲಿಸುವುದು, ವಿಳಾಸ ಬದಲಿಸುವುದು ಮುಂತಾದ ಕೆಲಸಗಳನ್ನೆಲ್ಲ ಬಹುಕಾಲದಿಂದ ಕಾಪಾಡುತ್ತ ಬಂದಿರುವುದು ಆರ್‌ಟಿಎನ್‌ಎಲ್ ಎಂಬ ಒಂದೇ ದೊಡ್ಡ ಲಾಕ್. ಇಂಟರ್‌ಫೇಸನ್ನು ನಿಲ್ಲಿಸುವಾಗ, ಆ ಸಾಧನವನ್ನು ನಡೆಸುವ ಕೋಡಾದ ಡ್ರೈವರಿನ ಸಂಬಂಧಪಟ್ಟ ಫಂಕ್ಷನ್ ಈ ಲಾಕ್ ಹಿಡಿದಿರುವಾಗಲೇ ಓಡುತ್ತದೆ. ಆ ಫಂಕ್ಷನ್, ಹಿನ್ನೆಲೆಯಲ್ಲಿ ನಡೆಯುತ್ತಿರುವ ತನ್ನದೇ ಇನ್ನೊಂದು ಕೆಲಸ ಮುಗಿಯಲೆಂದು ಕಾಯುತ್ತದೆ. ಆ ಹಿನ್ನೆಲೆಯ ಕೆಲಸವೂ ಅಷ್ಟರಲ್ಲಿ ಆರಂಭವಾಗಿ ಆರ್‌ಟಿಎನ್‌ಎಲ್ ಲಾಕನ್ನೇ ಕೇಳಿದ್ದರೆ ಇಬ್ಬರೂ ಅಲ್ಲಿಗೇ ನಿಂತರು. ಆಗ ಯಂತ್ರ ಪೂರ್ತಿ ಸತ್ತಂತೆ ಕಾಣುವುದಿಲ್ಲ. ಪ್ಯಾಕೆಟ್‌ಗಳು ಹರಿಯುತ್ತಲೇ ಇರಬಹುದು. ಆದರೆ ಇಂಟರ್‌ಫೇಸ್‌ಗಳಲ್ಲಿ ಏನನ್ನಾದರೂ ಬದಲಿಸಲು ಕೊಟ್ಟ ಆಜ್ಞೆಗಳು ಒಂದರ ಹಿಂದೊಂದು ಹೋಗಿ ಸಿಕ್ಕಿಬೀಳುತ್ತವೆ, ಮರಳಿ ಬರುವುದಿಲ್ಲ. ಕೊನೆಗೆ ಯಾರೋ ಸ್ವಿಚ್ ಆರಿಸಿ ಹಾಕುತ್ತಾರೆ, ಉಪಕರಣ ಸರಿಯಾಗುತ್ತದೆ, ಕಾರಣದ ಕುರುಹು ಅಳಿಸಿಹೋಗುತ್ತದೆ. ಹಿನ್ನೆಲೆಯ ಕೆಲಸ ಸರತಿಯಲ್ಲಿ ಕಾಯುತ್ತಿದ್ದರೆ ಅದನ್ನು ಸುಮ್ಮನೆ ರದ್ದು ಮಾಡಬಹುದು, ತೊಂದರೆಯಿಲ್ಲ. ಅದು ಆರಂಭವಾಗಿ ಲಾಕ್ ಕೇಳುವ ಆ ಕ್ಷಣಾರ್ಧಕ್ಕೆ ಇಂಟರ್‌ಫೇಸ್ ನಿಲ್ಲಿಸುವುದೂ ಕೂಡಿಬಂದರೆ ಮಾತ್ರ ಡೆಡ್‌ಲಾಕ್. ಹೀಗಾಗಿ ವಾರಗಟ್ಟಲೆ ಪರೀಕ್ಷೆ ನಡೆಸಿದರೂ ಇಂಥ ದೋಷ ಕಣ್ಣಿಗೆ ಬೀಳದೆ ಹೋಗಬಹುದು. ಇನ್ನೊಂದು ಬಗೆಯದು ಇನ್ನೂ ಚಿಕ್ಕದು: ಸಾಮಾನ್ಯ ಪ್ರೊಸೆಸ್ ಒಂದು ಸ್ಪಿನ್‌ಲಾಕ್ (ಸಿಗುವವರೆಗೆ ಸಿಪಿಯು ಸುತ್ತುತ್ತಲೇ ಕಾಯುವ ಬಗೆಯ ಲಾಕ್) ಹಿಡಿದಿರುವಾಗ ಅದೇ ಸಿಪಿಯುಗೆ ಪ್ಯಾಕೆಟ್ ಬಂದು, ಆ ಪ್ರೊಸೆಸನ್ನು ತಡೆದು ಪ್ಯಾಕೆಟನ್ನು ಸ್ವೀಕರಿಸುವ, ಸಾಫ್ಟ್‌ಐಆರ್‌ಕ್ಯೂ ಎಂಬ ಕರ್ನಲ್ ಕೆಲಸ ಕೂಡ ಅದೇ ಲಾಕನ್ನು ಕೇಳಿದರೆ ಆ ಸಿಪಿಯು ತನಗಾಗಿ ತಾನೇ ಸುತ್ತುತ್ತ ಉಳಿಯುತ್ತದೆ.

ಇದಕ್ಕೆ ಲಿನಕ್ಸ್‌ನೊಳಗೇ ಒಂದು ಉತ್ತರವಿದೆ. ಇಂಗೋ ಮೋಲ್ನಾರ್ ಮುಖ್ಯವಾಗಿ ರೂಪಿಸಿದ ಲಾಕ್‌ಡೆಪ್ ಎಂಬ ವ್ಯವಸ್ಥೆ 2006ರಲ್ಲಿ, 2.6.18ನೇ ಆವೃತ್ತಿಯಲ್ಲಿ ಸೇರಿತು. ಡೆಡ್‌ಲಾಕ್ ಸಂಭವಿಸಲಿ ಎಂದು ಅದು ಕಾಯುವುದಿಲ್ಲ. ಯಾವ ಲಾಕ್ ಹಿಡಿದಿರುವಾಗ ಯಾವ ಲಾಕನ್ನು ಕೇಳಲಾಯಿತು, ನಡೆಯುತ್ತಿರುವ ಕೆಲಸವನ್ನು ತಡೆದು ನುಗ್ಗುವ ಇಂಟರಪ್ಟ್‌ಗಳು ಆಗ ತೆರೆದಿದ್ದವೇ ಮುಚ್ಚಿದ್ದವೇ ಎಂಬುದನ್ನು ಲಾಕ್‌ಗಳ ವರ್ಗವಾರು ಬರೆದಿಡುತ್ತದೆ. ಬೆಳಿಗ್ಗೆ ಒಬ್ಬರು ಪುಸ್ತಕ ಹಿಡಿದು ಮೊಹರು ಕೇಳಿ, ಸಂಜೆ ಇನ್ನೊಬ್ಬರು ಮೊಹರು ಹಿಡಿದು ಪುಸ್ತಕ ಕೇಳಿದ್ದರೆ, ಅವರಿಬ್ಬರು ಎದುರುಬದುರಾಗದಿದ್ದರೂ ಅದು ಎಚ್ಚರಿಸುತ್ತದೆ. ಮೇಲೆ ಹೇಳಿದ ಹಿನ್ನೆಲೆ ಕೆಲಸವನ್ನೂ ಅದು ಒಂದು ಲಾಕಿನಂತೆಯೇ ಲೆಕ್ಕಕ್ಕೆ ಹಿಡಿಯುತ್ತದೆ. ಪರದೆಯ ಮೇಲೆ ‘ಪಾಸಿಬಲ್ ಸರ್ಕ್ಯುಲರ್ ಲಾಕಿಂಗ್ ಡಿಪೆಂಡೆನ್ಸಿ ಡಿಟೆಕ್ಟೆಡ್’ (ಲಾಕ್‌ಗಳು ಒಂದಕ್ಕೊಂದು ಸುತ್ತಿಕೊಳ್ಳುವ ಸಾಧ್ಯತೆ ಕಂಡಿದೆ) ಎಂಬ ಸಾಲು, ಅದರ ಕೆಳಗೆ ಆ ಸರಪಣಿಯ ಒಂದೊಂದು ಕೊಂಡಿಯೂ ಯಾವ ಫಂಕ್ಷನ್‌ನಲ್ಲಿ ಹುಟ್ಟಿತೆಂಬ ವಿವರ ಬರುತ್ತದೆ. ಆ ವರದಿಯನ್ನು ತಾಳ್ಮೆಯಿಂದ ಓದಲು ಕಲಿತ ವಿದ್ಯಾರ್ಥಿಗೆ ಕರ್ನಲ್‌ನ ಅರ್ಧ ಪರಿಚಯವಾದಂತೆಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಿತಿಗಳನ್ನೂ ಹೇಳಬೇಕು. ಓಡದ ದಾರಿಯ ಬಗ್ಗೆ ಲಾಕ್‌ಡೆಪ್‌ಗೆ ಏನೂ ಗೊತ್ತಾಗದು; ಮೊದಲ ವರದಿ ಕೊಟ್ಟ ಮೇಲೆ ಯಂತ್ರವನ್ನು ಮರುಚಾಲನೆ ಮಾಡುವವರೆಗೆ ಅದು ತಪಾಸಣೆ ನಿಲ್ಲಿಸುತ್ತದೆ; ವೇಗವನ್ನು ಕುಗ್ಗಿಸುವುದರಿಂದ ಗ್ರಾಹಕರ ಕೈಸೇರುವ ಕರ್ನಲ್‌ಗಳಲ್ಲಿ ಸಾಮಾನ್ಯವಾಗಿ ಅದನ್ನು ಸೇರಿಸುವುದಿಲ್ಲ. ಬಾಂಡಿಂಗ್ (ಹಲವು ಸಂಪರ್ಕಗಳನ್ನು ಒಂದಾಗಿ ಕಟ್ಟುವುದು) ಮೇಲೆ ವಿಲ್ಯಾನ್ (ಒಂದೇ ಸಂಪರ್ಕದಲ್ಲಿ ಪ್ರತ್ಯೇಕ ಜಾಲಗಳನ್ನು ಮಾಡುವುದು) ಕೂರಿಸಿದಂಥ ಕಡೆಗಳಲ್ಲಿ ಒಂದೇ ವರ್ಗದ ಎರಡು ಲಾಕ್‌ಗಳನ್ನು ನ್ಯಾಯವಾಗಿಯೇ ಹಿಡಿದಿದ್ದರೂ ಅದು ದೂರಬಹುದು. ಆಗ ಡೆವಲಪರ್ ಆ ಕ್ರಮವನ್ನು ಕೋಡಿನಲ್ಲೇ ಗುರುತಿಸಬೇಕಾಗುತ್ತದೆ. ಎಚ್ಚರಿಕೆಯ ಬಾಯಿ ಮುಚ್ಚಿಸಲೆಂದೇ ಹಾಗೆ ಗುರುತು ಹಾಕಿಬಿಡುವುದು ದೋಷವನ್ನು ಬಿಡುವುದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಮುಂದೆ ನಿಜವಾದ ದೋಷ ಬಂದರೂ ಅಲ್ಲಿ ಯಾರೂ ಕೂಗುವುದಿಲ್ಲ. ಓಡದ ದಾರಿಗಳನ್ನು ಓಡಿಸಲೆಂದು ಗೂಗಲ್‌ನಲ್ಲಿ ಹುಟ್ಟಿದ ಸಿಜ್‌ಕಾಲರ್ ಎಂಬ ಸಾಧನ ಸಿಸ್ಟಂ ಕಾಲ್‌ಗಳನ್ನು (ಪ್ರೋಗ್ರಾಂಗಳು ಕರ್ನಲ್‌ಗೆ ಸಲ್ಲಿಸುವ ಕೋರಿಕೆಗಳನ್ನು) ಬಗೆಬಗೆಯಾಗಿ ಜೋಡಿಸಿ ಕರ್ನಲ್‌ಗೆ ಕೊಡುತ್ತಲೇ ಇರುತ್ತದೆ. ಅದರ ‘ಪಾಸಿಬಲ್ ಡೆಡ್‌ಲಾಕ್’ ವರದಿಗಳಲ್ಲಿ ನೆಟ್‌ವರ್ಕಿಂಗ್‌ಗೆ ಸೇರಿದವೂ ಸಾಕಷ್ಟಿವೆ.

ನಮ್ಮ ಆಪರೇಟಿಂಗ್ ಸಿಸ್ಟಂ ಲ್ಯಾಬ್‌ಗಳಲ್ಲಿ ಡೆಡ್‌ಲಾಕ್ ಪಾಠ ಸಾಮಾನ್ಯವಾಗಿ ಬ್ಯಾಂಕರ್ಸ್ ಅಲ್ಗಾರಿದಮ್‌ನ ಒಂದು ಸಿ ಪ್ರೋಗ್ರಾಂ ಬರೆಯುವುದರೊಂದಿಗೆ ಮುಗಿಯುತ್ತದೆ. ಆ ಪಾಠ ಇರಲಿ. ಆದರೆ ಪ್ರತಿಯೊಂದು ಪ್ರೊಸೆಸ್‌ಗೆ ಗರಿಷ್ಠ ಎಷ್ಟು ಬೇಕೆಂದು ಮೊದಲೇ ತಿಳಿದಿರಬೇಕೆನ್ನುವ ಆ ವಿಧಾನ ಕರ್ನಲ್‌ನ ಲಾಕ್‌ಗಳಿಗೆ ಒಗ್ಗುವುದಿಲ್ಲ, ಮತ್ತು ಉದ್ಯೋಗಕ್ಕೆ ಸೇರಿದ ಮೇಲೆ ವಿದ್ಯಾರ್ಥಿ ಎದುರಿಸಬೇಕಾದದ್ದು ಕರ್ನಲ್‌ನಂಥ ಕೋಡನ್ನೇ. ಅದರ ಜತೆಗೆ ಒಂದೇ ಒಂದು ಪ್ರಯೋಗವನ್ನು ಸೇರಿಸುವಂತೆ ವಿಭಾಗ ಮುಖ್ಯಸ್ಥರಲ್ಲಿ ನನ್ನ ವಿನಂತಿ: ಕ್ಯೂಇಎಂಯು ವರ್ಚುವಲ್ ಮೆಷಿನ್‌ನಲ್ಲಿ ‘ಪ್ರೂವ್ ಲಾಕಿಂಗ್’ ಆಯ್ಕೆ ಸೇರಿಸಿ ಕಟ್ಟಿದ ಕರ್ನಲ್ ಓಡಿಸಿ, ಎರಡು ಲಾಕ್‌ಗಳನ್ನು ತಲೆಕೆಳಗಾದ ಕ್ರಮದಲ್ಲಿ ಹಿಡಿಯುವ ಪುಟ್ಟ ಮಾಡ್ಯೂಲ್ ಬರೆಸಿ, ಬರುವ ವರದಿಯನ್ನು ವಿದ್ಯಾರ್ಥಿಯಿಂದಲೇ ವಿವರಣೆ ಹೇಳಿಸಬೇಕು. ಪ್ರಾಜೆಕ್ಟ್ ಮಟ್ಟದಲ್ಲಾದರೆ ನೆಟ್‌ವರ್ಕ್ ನೇಮ್‌ಸ್ಪೇಸ್‌ಗಳ (ಒಂದೇ ಯಂತ್ರದಲ್ಲಿ ಬೇರೆಬೇರೆ ಜಾಲಗಳಿರುವಂತೆ ಮಾಡುವ ವ್ಯವಸ್ಥೆಯ) ನೆರವಿನಿಂದ ಬ್ರಿಡ್ಜ್ (ಇಂಟರ್‌ಫೇಸ್‌ಗಳನ್ನು ಒಂದೇ ಜಾಲವಾಗಿ ಬೆಸೆಯುವುದು), ಬಾಂಡಿಂಗ್, ವಿಲ್ಯಾನ್‌ಗಳನ್ನು ಒಂದೇ ಯಂತ್ರದೊಳಗೆ ಕಟ್ಟಿ ಕೆಡವುವ ಪರೀಕ್ಷೆಗಳನ್ನು ಬರೆಸಬಹುದು. ಕರ್ನಲ್‌ನ ಜತೆಗೇ ಬರುವ ನೆಟ್‌ವರ್ಕಿಂಗ್ ಸೆಲ್ಫ್‌ಟೆಸ್ಟ್‌ಗಳು ಇದಕ್ಕೆ ಒಳ್ಳೆಯ ಮಾದರಿ. ಈಗಿರುವ ಲ್ಯಾಬ್ ಕಂಪ್ಯೂಟರುಗಳೇ ಸಾಕು, ಬಿಡಿಗಾಸಿನ ಲೈಸನ್ಸ್ ಬೇಕಿಲ್ಲ. ಅಂಥ ಪರೀಕ್ಷೆಯೊಂದನ್ನು ಬರೆದು ಕರ್ನಲ್ ಅಭಿವೃದ್ಧಿ ತಂಡಕ್ಕೆ ಕಳಿಸಿದ ವಿದ್ಯಾರ್ಥಿಗಳು ನಮ್ಮ ಜಿಲ್ಲೆಗಳಲ್ಲಿ ಈಗಾಗಲೇ ಇದ್ದರೆ, ತಮ್ಮ ಶಿಕ್ಷಣ ಪುಟವು ಅವರನ್ನು ಹುಡುಕಿ ಪರಿಚಯಿಸಬೇಕೆಂದೂ ಕೋರುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಓರ್ವ ಸಾಫ್ಟ್‌ವೇರ್ ಪರೀಕ್ಷಕ,
ಮಂಗಳೂರು