ಅಪ್ಪನ ಎದೆನೋವು, ಪ್ಯಾರಿಸ್ಸಿನ ಕಳ್ಳರು

ಅಮ್ಮಾ,

ನಮಸ್ಕಾರ. ನಾನು ಇಲ್ಲಿ ಫ್ರಾನ್ಸಿನಲ್ಲಿ ಆರಾಮ. ನಿನ್ನ ಪತ್ರ ಸೋಮವಾರ ಕೈ ಸೇರಿತು.

ಮೊದಲು ಅಪ್ಪನ ವಿಷಯ. ತೋಟದ ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತೆ ಅಂದರೆ ಗ್ಯಾಸ್ ಅಂತ ಓಮದ ನೀರು ಕುಡಿದು ಕೂರಬಾರದು. ಆಂಜಿಯೋಗ್ರಾಮ್ ಮಾಡಿಸಿ ಅಂತ ಡಾಕ್ಟರೇ ಹೇಳಿದ ಮೇಲೆ ಅಡಿಕೆ ಕೊಯ್ಲು ಮುಗಿಯಲಿ ಅನ್ನೋದು ಯಾವ ಲೆಕ್ಕ? ಕೊಯ್ಲಿಗೆ ಮಾವ ಇದ್ದಾರೆ. ದುಡ್ಡು ರವಿಯ ಖಾತೆಗೆ ಹಾಕಿದ್ದೇನೆ.

ಇನ್ನು ಅಪ್ಪ ರಾತ್ರಿಯೆಲ್ಲ ರವಿ ಜೊತೆ ಫ್ರೆಂಚ್ ಕ್ರೈಂ ಸಿನಿಮಾ ನೋಡಿ ನನ್ನ ಬಗ್ಗೆ ಹೆದರಿಕೊಳ್ಳೋದು. ಪೊಲೀಸರ ಮೇಲೆ ಹುಡುಗರು ಪಟಾಕಿ ಹಾರಿಸೋ ಆ ಸಿನಿಮಾ 'ಲೆ ಮಿಸೆರಾಬ್ಲ್'. ಅದು ಮೊಂಫೆರ್ಮೇ ಅನ್ನೋ ಊರಿನ ಕಥೆ. ನಾನಿರೋದು ಅಲ್ಲಲ್ಲ. ಸಿನಿಮಾ ತೆಗೆದ ಲಾಜ್ ಲೀ ಆ ಊರಲ್ಲೇ ಬೆಳೆದವನು. 2019ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಬಹುಮಾನ ಬಂತು. ನಮ್ಮ ಬೀದಿಯಲ್ಲಿ ಜಾಸ್ತಿ ಗಲಾಟೆ ಅಂದರೆ ಮಂಗಳವಾರದ ಸಂತೆ.

ಅಪ್ಪನಿಗೆ 'ಲೂಪಾಂ' ಅನ್ನೋ ಸರಣಿ ತೋರಿಸು, ಅದರಲ್ಲಿ ರಕ್ತ ಕಡಿಮೆ. ಅದರ ನಾಯಕ ನಟ ಒಮಾರ್ ಸೀ ಪ್ಯಾರಿಸ್ ಪಕ್ಕದ ತ್ರಾಪ್‌ನಲ್ಲಿ ಹುಟ್ಟಿದವನು, ಅಪ್ಪ ಸೆನೆಗಲ್‌ನವರು, ಅಮ್ಮ ಮಾರಿಟೇನಿಯಾದವರು. ಕಥೆಯಲ್ಲಿ ಅವನು ಲೂವ್ರ್ ಮ್ಯೂಸಿಯಂನಲ್ಲಿ ನೆಲ ಒರೆಸುವವನಾಗಿ ಸೇರಿಕೊಂಡು ರಾಣಿಯ ಹಾರಕ್ಕೆ ಹೊಂಚು ಹಾಕ್ತಾನೆ. ಕಪ್ಪು ಮನುಷ್ಯ, ಕೈಯಲ್ಲಿ ಒರೆಸುವ ಕೋಲು, ಯಾರೂ ಮುಖ ನೋಡಲ್ಲ. ಅದೇ ಅವನ ವೇಷ! ನೂರು ವರ್ಷಕ್ಕೂ ಹಳೆಯ ಲೂಪಾಂ ಕಥೆಗಳಲ್ಲಿ ಕಳ್ಳ ಬಿಳಿಯ, ಗತ್ತಿನವನು. ಇವನು ಆ ಪುಸ್ತಕ ಓದಿ ಬೆಳೆದ ವಲಸಿಗನ ಮಗ. ಈ ಬದಲಾವಣೆ ನನಗೆ ಬಹಳ ಇಷ್ಟ.

ಆದರೂ ಒಂದು ಕಿರಿಕಿರಿ ಇದೆ. ಇಲ್ಲಿಯ ಕ್ರೈಂ ಕಥೆಗಳಲ್ಲಿ ನಮ್ಮ ಬಣ್ಣದವರು ಒಂದೋ ಪೊಲೀಸು, ಇಲ್ಲ ಕಳ್ಳ. 2015ರಲ್ಲಿ ಕಾನ್‌ನ ದೊಡ್ಡ ಬಹುಮಾನ ಗೆದ್ದ 'ದೀಪನ್'ನಲ್ಲಿ ಹೆಚ್ಚಿನ ಮಾತು ತಮಿಳಿನದ್ದೇ. ನಾಯಕನ ಪಾತ್ರ ಮಾಡಿದವನು ನಿಜಕ್ಕೂ ಶ್ರೀಲಂಕಾದಿಂದ ಬಂದ ನಿರಾಶ್ರಿತ, ಹುಡುಗನಾಗಿದ್ದಾಗ ಎಲ್‌ಟಿಟಿಇ ಸೇರಿದ್ದವನು. ಆ ಸಿನಿಮಾದ ಕಥೆಯೂ ಕೊನೆಗೆ ಬಂದೂಕಿಗೇ ಬಂತು. ಪ್ಯಾರಿಸ್ಸಿನ ಲಾ ಶಪೆಲ್ ಬಡಾವಣೆಯಲ್ಲಿ ನಾನು ಕರಿಬೇವು, ಮೆಣಸಿನಕಾಯಿ ತರೋ ತಮಿಳು ಅಂಗಡಿಯ ಅಣ್ಣನ ಹತ್ತಿರ ಹೇಳಿದೆ. "ಹಾಗಾದ್ರೆ ನಾನು ಸಿನಿಮಾಗೆ ಬರಬೇಕಂದ್ರೆ ಯಾರನ್ನಾದ್ರೂ ಕೊಲ್ಲಬೇಕಲ್ವಾ?" ಅಂದ, ತೂಕ ಹಾಕುತ್ತಲೇ. ಕೊಸರಿಗೆ ಎರಡು ಎಸಳು ಹಾಕಿ ಕೊಟ್ಟ.

ತಮಾಷೆ ಕೇಳು. ಇಲ್ಲಿಯ ಜನಗಣತಿಯಲ್ಲಿ ಯಾರನ್ನೂ ಬಣ್ಣ, ಜನಾಂಗ ಕೇಳಲ್ಲ. ಫ್ರೆಂಚರು ಅಂದರೆ ಬರೀ ಫ್ರೆಂಚರು. ಆದರೆ ಟಿವಿ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಪರದೆಯಲ್ಲಿ ಬಿಳಿಯರ ಹಾಗೆ ಕಾಣುವವರೆಷ್ಟು, ಕಾಣದವರೆಷ್ಟು ಅಂತ ಲೆಕ್ಕ ಇಡುತ್ತೆ! ಒಳ್ಳೆಯ ಪಾತ್ರವೋ ಕೆಟ್ಟದ್ದೋ ಅಂತಲೂ ಬರೆದುಕೊಳ್ಳುತ್ತೆ. ಅಪ್ಪನಿಗೆ ಹೇಳು, ನಗ್ತಾರೆ.

ನಕ್ಕ ಮೇಲೆ ಆಸ್ಪತ್ರೆಗೆ ಹೊರಡಿಸು. ಆಂಜಿಯೋಗ್ರಾಮ್‌ಗೆ ಎದೆ ಕೊಯ್ಯಲ್ಲ, ಕೈಯಿಂದಲೋ ತೊಡೆಯಿಂದಲೋ ಸಣ್ಣ ನಳಿಕೆ ಹಾಕಿ ನೋಡ್ತಾರೆ ಅಷ್ಟೇ. ಏನೂ ಆಗಲ್ಲಮ್ಮ. ನಿಜವಾಗಿಯೂ ಏನೂ ಆಗಲ್ಲ. ಸ್ಟೆಂಟ್ ಬೇಕು ಅಂದರೂ ಹೆದರಬೇಡ, ಆ ದುಡ್ಡೂ ನನ್ನ ಹತ್ತಿರ ಇದೆ. ನಾನು ಚೆನ್ನಾಗಿ ಊಟ ಮಾಡ್ತಿದ್ದೇನೆ, ಸ್ವೆಟರ್ ಹಾಕ್ತಿದ್ದೇನೆ, ಕತ್ತಲಾಗೋದರೊಳಗೆ ಮನೆ ಸೇರ್ತಿದ್ದೇನೆ.

ರೈಲಿಗೆ ಹೊತ್ತಾಯಿತು. ಅಜ್ಜಿಗೆ ನಮಸ್ಕಾರ.

ನಿನ್ನ,
ವಿದ್ಯಾ

ಹತ್ತು ಗಂಟೆಗೆ ಟಿವಿ ಬಂದ್. ರವಿಗೂ ಹೇಳು. ಯಾವ ದಿನ ಆಸ್ಪತ್ರೆಗೆ ಹೋಗೋದು ಅಂತ ಇವತ್ತೇ ವಾಟ್ಸಾಪ್ ಮಾಡಲಿ.